ಹಳೇ ವಿಡಿಯೋ ಗೇಮ್‌ಗೆ ಮನೆಯ ಕಂಪ್ಯೂಟರಿನಲ್ಲೇ ಜಾಗ ಮಾಡಿ

ಕಾಂಟ್ರಾದಲ್ಲಿ 30 ಲೈಫ್ ಪಡೆಯುವ ಗುಟ್ಟು ಬಾಯಿಪಾಠವಿದ್ದ ಹುಡುಗರಿಗೆ ಈಗ ಅದೇ ವಯಸ್ಸಿನ ಮಕ್ಕಳಿದ್ದಾರೆ. ಟಿವಿಗೆ ಸಿಕ್ಕಿಸುತ್ತಿದ್ದ ಆ ವಿಡಿಯೋ ಗೇಮ್ ಡಬ್ಬಿ ಅಟ್ಟ ಸೇರಿದೆ, ಹಳದಿ ಕ್ಯಾಸೆಟ್‌ಗಳು ಗುಜರಿಗೆ ಹೋಗಿವೆ. ಆದರೆ ಆ ಕಾಲದ ಆಟವನ್ನು ಮನೆಯ ಕಂಪ್ಯೂಟರಿನಲ್ಲಿ ಮತ್ತೆ ಆಡಲು ಏನೂ ಅಡ್ಡಿಯಿಲ್ಲ, ಬೇಕಾದ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಶುರುವಿನಲ್ಲೇ ಒಂದು ಮಾತು: ಸಾವಿರಾರು ಆಟ ತುಂಬಿಸುವ ಆತುರ ಬೇಡ. ಒಂದೇ ಒಂದು ಹಳೇ ಯಂತ್ರವನ್ನು ಆರಿಸಿಕೊಂಡು, ಅದರ ಚಿತ್ರ, ವೇಗ, ಗುಂಡಿ ಎಲ್ಲವನ್ನೂ ಸರಿಯಾಗಿ ಹೊಂದಿಸಿ. ಹಾಗೆ ಮಾಡಿದವರೇ ಮುಂದೆ ನಿಜವಾಗಿ ಕೂತು ಆಡುತ್ತಾರೆ.

ನಮ್ಮಲ್ಲಿ ಮಾರಾಟವಾದ ಆ ಡಬ್ಬಿಗಳಲ್ಲಿ ಹೆಚ್ಚಿನವು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅಮೆರಿಕದಲ್ಲಿ ಇದೇ ಯಂತ್ರಕ್ಕೆ ಎನ್‌ಇಎಸ್ ಎಂಬ ಹೆಸರು. ಅದರ ಪ್ರೊಸೆಸರ್ ವೇಗ ಸುಮಾರು 1.79 ಮೆಗಾಹರ್ಟ್ಸ್, ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಆ ಯಂತ್ರದ ನಡವಳಿಕೆಯನ್ನು ಇದ್ದಂತೆ ಅನುಕರಿಸುವ ತಂತ್ರಾಂಶವೇ ಎಮ್ಯುಲೇಟರ್. ಹತ್ತು ವರ್ಷ ಹಳೆಯ ಸಾಧಾರಣ ಲ್ಯಾಪ್‌ಟಾಪ್ ಕೂಡ ಈ ಕೆಲಸವನ್ನು ಆರಾಮಾಗಿ ಮಾಡುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹಾಕಬೇಡಿ.

ದುಡ್ಡು ಹಾಕುವುದೇ ಆದರೆ ಒಂದು ಯುಎಸ್‌ಬಿ ಗೇಮ್‌ಪ್ಯಾಡ್‌ಗೆ ಹಾಕಿ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಕೊಳ್ಳುವುದಾದರೆ ಕೈಯಲ್ಲಿ ಹಿಡಿದು, ದಿಕ್ಕಿನ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಬಲಕ್ಕೆ ಒತ್ತಿದಾಗ ಮೇಲಿನದೂ ಸೇರಿಕೊಂಡು ಒತ್ತಿಹೋಗುವಂತಿದ್ದರೆ ಬೇರೆಯದು ಕೇಳಿ. ಓಡುತ್ತಾ ನೆಗೆಯುವ ಆಟದಲ್ಲಿ ಅಂಥ ಪ್ಯಾಡ್ ಪ್ರಾಣ ತಿನ್ನುತ್ತದೆ.

ಮೊದಲ ಹೆಜ್ಜೆ

ರೆಟ್ರೋಆರ್ಚ್ ಎಂಬ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಇದೆ. ಇದು ಸ್ವತಃ ಎಮ್ಯುಲೇಟರ್ ಅಲ್ಲ, ಹಲವು ಎಮ್ಯುಲೇಟರ್‌ಗಳನ್ನು ಒಂದೇ ಸೂರಿನಡಿ ಇಟ್ಟುಕೊಂಡ ಮನೆ. ಒಳಗಿನ ಒಂದೊಂದನ್ನೂ ಕೋರ್ ಎನ್ನುತ್ತಾರೆ.

ತೆರೆದ ಕೂಡಲೇ ಮೇನ್ ಮೆನುವಿನಲ್ಲಿ ಲೋಡ್ ಕೋರ್, ಅದರೊಳಗೆ ಡೌನ್‌ಲೋಡ್ ಎ ಕೋರ್ ಆರಿಸಿ. ಉದ್ದನೆಯ ಪಟ್ಟಿ ಬರುತ್ತದೆ. ಎನ್‌ಇಎಸ್ / ಫ್ಯಾಮಿಕಾಮ್ ಸಾಲಿನಲ್ಲಿ ಮೆಸೆನ್ ಎಂಬುದನ್ನು ಇಳಿಸಿ. ಕಂಪ್ಯೂಟರ್ ತೀರಾ ಹಳೆಯದಾಗಿದ್ದರೆ ಎಫ್‌ಸಿಇಯುಎಂಎಂ ಹಗುರ. ಮುಂದೆ ಸೆಗಾ ಮೆಗಾ ಡ್ರೈವ್ ಬೇಕೆನಿಸಿದರೆ ಜೆನೆಸಿಸ್ ಪ್ಲಸ್ ಜಿಎಕ್ಸ್, ಗೇಮ್‌ಬಾಯ್ ಅಡ್ವಾನ್ಸ್‌ಗೆ ಎಂಜಿಬಿಎ.

ಈಗ ಪ್ಯಾಡ್ ಸಿಕ್ಕಿಸಿ. ಸೆಟ್ಟಿಂಗ್ಸ್, ಇನ್‌ಪುಟ್, ಪೋರ್ಟ್ 1 ಕಂಟ್ರೋಲ್ಸ್‌ಗೆ ಹೋಗಿ ಸೆಟ್ ಆಲ್ ಕಂಟ್ರೋಲ್ಸ್ ಒತ್ತಿದರೆ ಒಂದೊಂದೇ ಗುಂಡಿ ಕೇಳುತ್ತದೆ. ಮುಗಿದ ಮೇಲೆ ಸೇವ್ ಕಂಟ್ರೋಲರ್ ಪ್ರೊಫೈಲ್ ಮರೆಯಬೇಡಿ. ಪ್ಯಾಡ್ ಇಲ್ಲದವರು ಬಾಣದ ಗುಂಡಿಗಳು, ಝಡ್, ಎಕ್ಸ್, ಎಂಟರ್‌ಗಳಲ್ಲೇ ಆಡಬಹುದು. ಆಟದ ನಡುವೆ ಮೆನು ಬೇಕಾದರೆ ಎಫ್1.

ಆಟ ಎಲ್ಲಿಂದ ತರುವುದು?

ಇಲ್ಲಿ ಎಚ್ಚರ ಬೇಕು. ಎಮ್ಯುಲೇಟರ್ ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಆಟದ ಫೈಲ್‌ಗೆ ಹಕ್ಕುದಾರರಿದ್ದಾರೆ. ಎಷ್ಟೇ ಹಳೆಯದಾದರೂ ಕಂಪನಿ ಬಿಟ್ಟುಕೊಡದ ಆಟವನ್ನು ಸಿಕ್ಕಸಿಕ್ಕ ತಾಣದಿಂದ ಇಳಿಸುವುದು ಹಕ್ಕುಸ್ವಾಮ್ಯದ ಉಲ್ಲಂಘನೆ, ಜೊತೆಗೆ ವೈರಸ್ ತಾಗುವ ದಾರಿ. ನ್ಯಾಯವಾದ ಮೂಲಗಳಿಗೆ ಬರವಿಲ್ಲ. ರೆಟ್ರೋಆರ್ಚ್‌ನ ಆನ್‌ಲೈನ್ ಅಪ್‌ಡೇಟರ್ ಒಳಗಿನ ಕಂಟೆಂಟ್ ಡೌನ್‌ಲೋಡರ್‌ನಲ್ಲೇ ಉಚಿತ ಆಟಗಳಿವೆ. ಅವುಗಳಲ್ಲಿ ಕೇವ್ ಸ್ಟೋರಿಯನ್ನು ಬಿಡಬೇಡಿ. ದೈಸುಕೆ ಅಮಾಯಾ ಒಬ್ಬರೇ ಐದು ವರ್ಷ ಕೂತು ಮಾಡಿ 2004ರಲ್ಲಿ ಉಚಿತವಾಗಿ ಹಂಚಿದ ಆಟ ಅದು. ಆಡಲು ಎನ್‌ಎಕ್ಸ್‌ಎಂಜಿನ್ ಕೋರ್ ಬೇಕು. ಆರ್ಕೇಡ್ ಆಟಗಳ ಎಮ್ಯುಲೇಟರ್ ಮೇಮ್‌ನ ಅಧಿಕೃತ ತಾಣದಲ್ಲಿ ರಾಬಿ ರೋಟೊ, ಗ್ರಿಡ್ಲಿಯಂಥ ಕೆಲವು ಆಟಗಳನ್ನು ಹಕ್ಕುದಾರರ ಒಪ್ಪಿಗೆಯೊಂದಿಗೇ ಇಟ್ಟಿದ್ದಾರೆ.

ಎನ್‌ಇಎಸ್‌ಗೆ ಈಗಲೂ ಹೊಸ ಆಟ ಬರೆಯುವವರಿದ್ದಾರೆ. 2019ರ ಮೈಕ್ರೋ ಮೇಜಸ್ ಅಂಥದ್ದು. ನಾಲ್ವರು ಒಟ್ಟಿಗೆ ಆಡಬಹುದಾದ ಈ ಆಟ ಕೂತಿರುವುದು 40 ಕಿಲೋಬೈಟಿನಲ್ಲಿ, 1985ರ ಸೂಪರ್ ಮಾರಿಯೋ ಬ್ರೋಸ್‌ನಷ್ಟೇ ಜಾಗ. ಕಾಂಟ್ರಾವೇ ಬೇಕೆಂದರೆ ಕೊನಾಮಿ 2019ರಲ್ಲಿ ಹೊರತಂದ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿದೆ, ಅದಕ್ಕೆ ಈ ಎಮ್ಯುಲೇಟರ್ ಕೂಡ ಬೇಡ.

ಆಟಗಳನ್ನು ಒಂದು ಫೋಲ್ಡರಿನಲ್ಲಿ, ಯಂತ್ರಕ್ಕೊಂದು ಉಪಫೋಲ್ಡರ್ ಮಾಡಿ ಇಡಿ. ಇಂಪೋರ್ಟ್ ಕಂಟೆಂಟ್‌ನಲ್ಲಿ ಸ್ಕ್ಯಾನ್ ಡೈರೆಕ್ಟರಿ ಕೊಟ್ಟರೆ ಪಟ್ಟಿ ತಯಾರು. ಹೊಸದಾಗಿ ಬರೆದ ಆಟಗಳು ರೆಟ್ರೋಆರ್ಚ್‌ನ ದಾಖಲೆಯಲ್ಲಿ ಇಲ್ಲದೆ ಪಟ್ಟಿಯಲ್ಲಿ ಕಾಣಿಸದಿರಬಹುದು. ಆಗ ಮ್ಯಾನ್ಯುವಲ್ ಸ್ಕ್ಯಾನ್.

ಚಿತ್ರ ಮತ್ತು ವೇಗ

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಆಮೇಲೆ ‘ಮೊದಲಿನಂತಿಲ್ಲ’ ಎಂದು ಬೇಸರಪಡುತ್ತಾರೆ. ಆ ಆಟಗಳನ್ನು ಚಿತ್ರಿಸಿದ್ದು ದಪ್ಪ ಗಾಜಿನ ಹಳೇ ಸಿಆರ್‌ಟಿ ಟಿವಿಗೆ. ಅದರಲ್ಲಿ ಚುಕ್ಕಿಗಳು ಒಂದಕ್ಕೊಂದು ಬೆರೆತು ಮೃದುವಾಗಿ ಕಾಣುತ್ತಿದ್ದವು, ಗೆರೆಗಳ ನಡುವೆ ತೆಳುವಾದ ಕಪ್ಪು ಇತ್ತು. ಎಲ್‌ಸಿಡಿ ಮೇಲೆ ಅದೇ ಚಿತ್ರ ಒರಟು ಚೌಕಗಳಾಗುತ್ತದೆ.

ಮೊದಲು ಆಕಾರ ಸರಿಪಡಿಸಿ. ಸೆಟ್ಟಿಂಗ್ಸ್, ವಿಡಿಯೋ, ಸ್ಕೇಲಿಂಗ್‌ನಲ್ಲಿ ಆಸ್ಪೆಕ್ಟ್ ರೇಷಿಯೋ 4:3 ಮಾಡಿ. ಅಗಲ ಪರದೆಯ ತುಂಬ ಎಳೆದ ಚಿತ್ರ ನೋಡಲಾಗದು. ಅಲ್ಲೇ ಇಂಟೀಜರ್ ಸ್ಕೇಲ್ ಆನ್ ಮಾಡಿ. ಎನ್‌ಇಎಸ್ ಚಿತ್ರದ ಎತ್ತರ 240 ಗೆರೆ. ಲ್ಯಾಪ್‌ಟಾಪ್ ಪರದೆಯ ಎತ್ತರ 768 ಇದ್ದರೆ ಸರಿಯಾಗಿ ಮೂರು ಪಟ್ಟು, ಅಂದರೆ 720 ಗೆರೆ ತುಂಬಿ ಉಳಿದದ್ದು ಕಪ್ಪಾಗಿರುತ್ತದೆ. ಆಗ ಗೆರೆಗಳು ಒಂದು ದಪ್ಪ, ಒಂದು ತೆಳು ಆಗುವುದಿಲ್ಲ.

ಬಳಿಕ ಆನ್‌ಲೈನ್ ಅಪ್‌ಡೇಟರ್‌ನಲ್ಲಿ, ಚಿತ್ರಕ್ಕೆ ಹಳೇ ಟಿವಿಯ ನೋಟ ಕೊಡುವ ಸ್ಲ್ಯಾಂಗ್ ಶೇಡರ್‌ಗಳನ್ನು ಇಳಿಸಿ. ಇವು ಕೆಲಸ ಮಾಡಲು ವಿಡಿಯೋ ಡ್ರೈವರ್ ವಲ್ಕನ್ ಅಥವಾ ಡಿ3ಡಿ11 ಆಗಿರಲಿ. ಆಟ ನಡೆಯುತ್ತಿರುವಾಗ ಎಫ್1 ಒತ್ತಿ ಶೇಡರ್ಸ್‌ಗೆ ಹೋಗಿ, ಸಿಆರ್‌ಟಿ ಫೋಲ್ಡರಿನಿಂದ ಸಿಆರ್‌ಟಿ-ಈಸಿಮೋಡ್ ಲೋಡ್ ಮಾಡಿ. ಚಿತ್ರ ತಡವರಿಸಿದರೆ ಝಡ್‌ಫಾಸ್ಟ್-ಸಿಆರ್‌ಟಿ ಹಾಕಿ. ಹಳೇ ಟಿವಿ ಕಣ್ಣೆದುರು ಬಂದೇಬಿಡುತ್ತದೆ, ಮಾರಿಯೋನ ಮುಖಕ್ಕೂ ಒಂದು ದುಂಡನೆಯ ಆಕಾರ ಬರುತ್ತದೆ.

ವೇಗದ್ದು ನಮ್ಮವರಿಗೇ ವಿಶೇಷವಾಗಿ ತಾಗುವ ಸಂಗತಿ. ಜಪಾನ್, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಬಾರಿ ಚಿತ್ರ ಬರೆಯುತ್ತಿದ್ದವು. ನಮ್ಮ ಪಾಲ್ ಪದ್ಧತಿಯಲ್ಲಿ 50. ಪಾಲ್ ಟಿವಿಗೆಂದು ಮಾಡಿದ ನಕಲು ಡಬ್ಬಿಗಳಲ್ಲಿ ಆಟವೂ ಸಂಗೀತವೂ ಆರನೇ ಒಂದು ಭಾಗದಷ್ಟು ನಿಧಾನ. ಎಮ್ಯುಲೇಟರಿನಲ್ಲಿ ಆಡುವಾಗ ‘ಇದೇಕೆ ಇಷ್ಟು ಓಡುತ್ತಿದೆ’ ಅನಿಸಿದರೆ ಕಾರಣ ಇದೇ. ಮೆಸೆನ್‌ನ ಕೋರ್ ಆಪ್ಷನ್ಸ್‌ನಲ್ಲಿ ರೀಜನ್ ಎಂಬುದನ್ನು ಡೆಂಡಿ ಎಂದು ಬದಲಿಸಿ ನೋಡಿ. ಡೆಂಡಿ ರಷ್ಯಾದಲ್ಲಿ 1992ರಿಂದ ಮಾರಾಟವಾದ ಇಂಥದೇ ನಕಲು, ಅದರ ಲಯವೂ 50ರದ್ದೇ. ಬಾಲ್ಯದಲ್ಲಿ ಕೇಳಿದ ಸಂಗೀತದ ನಡೆ ಸಿಕ್ಕಿದರೂ ಸಿಕ್ಕೀತು. ಹೊಸದಾಗಿ ಕಲಿಯುವ ಮಕ್ಕಳಿಗೆ ಮಾತ್ರ 60ರಲ್ಲೇ ಆಡಿಸಿ, ಆಟ ಬರೆದವರು ಬಯಸಿದ್ದು ಆ ವೇಗವನ್ನು.

ಗುಂಡಿ ಒತ್ತಿದ ಮೇಲೆ ತಡವಾಗಿ ನೆಗೆಯುತ್ತಿದ್ದರೆ ಲೇಟೆನ್ಸಿ ಸೆಟ್ಟಿಂಗಿನಲ್ಲಿ ರನ್-ಅಹೆಡ್ 1 ಫ್ರೇಮ್ ಇಡಿ. ಟಿವಿಗೆ ಜೋಡಿಸಿದ್ದರೆ ಟಿವಿಯ ಗೇಮ್ ಮೋಡ್ ಆನ್ ಮಾಡಿ.

ಕರೆಂಟ್ ಹೋದರೆ

ಎಫ್2 ಒತ್ತಿದರೆ ಆಟ ಇದ್ದಲ್ಲೇ ಉಳಿಯುತ್ತದೆ, ಎಫ್4 ಅಲ್ಲಿಂದಲೇ ಮುಂದುವರಿಸುತ್ತದೆ. ಆದರೆ ಕೋರ್ ಬದಲಾಯಿಸಿದರೆ ಈ ಸೇವ್ ತೆರೆಯದೇ ಹೋಗಬಹುದು. ದೀರ್ಘ ಆಟಗಳಲ್ಲಿ ಆಟದೊಳಗಿನ ಸೇವ್ ಅನ್ನೇ ನಂಬಿ. ಅದು ಡಿಸ್ಕಿಗೆ ಬರೆಯುವುದು ಸಾಮಾನ್ಯವಾಗಿ ಆಟ ಮುಚ್ಚಿದಾಗ. ಡೆಸ್ಕ್‌ಟಾಪ್‌ನಲ್ಲಿ ಆಡುತ್ತಿರುವಾಗ ಕರೆಂಟ್ ಹೋದರೆ ಇಡೀ ಸಂಜೆಯ ಶ್ರಮ ಹೋಯಿತು. ಸೆಟ್ಟಿಂಗ್ಸ್‌ನ ಸೇವಿಂಗ್ ಒಳಗೆ ಸೇವ್‌ರ್‍ಯಾಮ್ ಆಟೋಸೇವ್ ಇಂಟರ್ವಲ್ ಅನ್ನು 10 ಸೆಕೆಂಡಿಗೆ ಇಟ್ಟುಬಿಡಿ.

ಕಂಪ್ಯೂಟರ್ ಲ್ಯಾಬಿನಲ್ಲಿ ಆಡಿದ ಡಾಸ್ ಆಟಗಳಿಗೆ ದಾರಿ ಬೇರೆ, ಅದಕ್ಕೆ ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್ ಇದೆ. 1993ರ ಡೂಮ್‌ನ ಶೇರ್‌ವೇರ್ ಭಾಗ ಉಚಿತವಾಗಿ ಹಂಚಲೆಂದೇ ಬಂದದ್ದು, ಅದರಿಂದ ಆರಂಭಿಸಿ. ಮೌಂಟ್ ಆಜ್ಞೆಯಿಂದ ನಿಮ್ಮ ಆಟದ ಫೋಲ್ಡರನ್ನು ಸಿ ಡ್ರೈವ್ ಎಂದು ತೋರಿಸಿಕೊಟ್ಟು, ಆ ಡ್ರೈವ್‌ಗೆ ಹೋಗಿ ಆಟದ ಹೆಸರು ಬರೆದು ಎಂಟರ್ ಒತ್ತಿ. ಆಟ ತೆವಳುತ್ತಿದ್ದರೆ ಕಂಟ್ರೋಲ್ ಜೊತೆ ಎಫ್12, ವಿಪರೀತ ಓಡುತ್ತಿದ್ದರೆ ಕಂಟ್ರೋಲ್ ಜೊತೆ ಎಫ್11. ಪೂರ್ತಿ ಪರದೆಗೆ ಆಲ್ಟ್ ಮತ್ತು ಎಂಟರ್.