ತನ್ನ ಪರವಾದ ಮಾತು

ಮಾತು ಬಾರದವನಿಗೆ ಹೇಳತಕ್ಕದ್ದೇನೂ ಇರುವುದಿಲ್ಲವೆಂದು ಲೋಕವು ಬಹುಕಾಲ ಭಾವಿಸಿಕೊಂಡಿತ್ತು. ಈ ತಪ್ಪು ಎಣಿಕೆಯಿಂದ ನೊಂದವರಲ್ಲಿ ಆಟಿಸಂ ಉಳ್ಳ ಮಕ್ಕಳೂ ಸೇರಿದ್ದಾರೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೊ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಈ ಸ್ಥಿತಿಯು ವೈದ್ಯಲೋಕದ ಗಮನಕ್ಕೆ ಬಂದಿತು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಭಿನ್ನತೆ. ಅಂಟುವ ರೋಗವಲ್ಲ, ತಂದೆತಾಯಿಗಳ ದೋಷವೂ ಅಲ್ಲ. ಇಂತಹವರಲ್ಲಿ ಕೆಲವರು ನಿರರ್ಗಳವಾಗಿ ಮಾತನಾಡುತ್ತಾರೆ. ಕೆಲವರು ಒಂದು ಮಾತನ್ನೂ ಆಡುವುದಿಲ್ಲ. ಹೆಣ್ಣುಮಕ್ಕಳಲ್ಲಿ ಇದು ಗುರುತಿಗೆ ಬಾರದೆ ಉಳಿದುಬಿಡುವುದುಂಟು. ಕನ್ನಡದಲ್ಲಿ ಇದನ್ನು ‘ಸ್ವಲೀನತೆ’ ಎನ್ನುವರು. ತನ್ನಲ್ಲಿಯೇ ಲೀನವಾಗಿರುವುದು ಎಂದರ್ಥ. ಪದವು ಅಂದವಾಗಿದೆ, ಆದರೆ ಅದು ಹೊರಗೆ ನಿಂತು ನೋಡಿದವರು ಇಟ್ಟ ಹೆಸರು. ಒಳಗಿರುವವನನ್ನು ಕೇಳಿದರೆ, ಹೊರಗಿನ ಲೋಕವೇ ತನ್ನೊಳಗೆ ಅತಿಯಾಗಿ ನುಗ್ಗುತ್ತಿದೆ ಎಂದು ಹೇಳಿಯಾನು.

ಕುಂದಾಪುರ ತಾಲ್ಲೂಕಿನ ಹಾಲಾಡಿಯು ವಾರಾಹಿ ನದಿಯ ಬಳಿಯ ಊರು. ಜೂನ್ ತಿಂಗಳಲ್ಲಿ ಅಲ್ಲಿ ಮಳೆ ಹಿಡಿಯಿತೆಂದರೆ ಪಕ್ಕದಲ್ಲಿದ್ದವರ ಮಾತೂ ಕೇಳಿಸುವುದಿಲ್ಲ. ಅಂತಹ ಊರಿನ ಶಾಲೆಯಲ್ಲಿ ಸ್ವಲೀನತೆಯುಳ್ಳ ಬಾಲಕನೊಬ್ಬನಿರುವನೆಂದು ಕಲ್ಪಿಸಿಕೊಳ್ಳಬಹುದು. ತಗಡಿನ ಮಾಡಿನ ಮೇಲೆ ಮಳೆಯ ಆರ್ಭಟ. ಮೈಗೆ ಅಂಟಿದ ಒದ್ದೆ ಅಂಗಿ. ಅದರ ನಡುವೆ ಗಂಟೆಯ ಸದ್ದು. ಬಾಲಕನು ಎರಡು ಕಿವಿಗಳನ್ನೂ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತಾನೆ. ನೋಡಿದವರಿಗೆ ಅದು ತುಂಟತನವಾಗಿ ಕಾಣುತ್ತದೆ, ಸಹಪಾಠಿಗಳು ನಗುತ್ತಾರೆ. ವಾಸ್ತವವಾಗಿ ಅವನು ‘ಈ ಸದ್ದನ್ನು ಸಹಿಸಲಾರೆ’ ಎಂಬುದನ್ನು ತನಗೆ ತಿಳಿದ ಏಕೈಕ ವಿಧಾನದಲ್ಲಿ ಹೇಳುತ್ತಿರುತ್ತಾನೆ.

ಈ ಒಗಟಿನ ಮಾತಿಗೆ ಬದಲಾಗಿ ಎಲ್ಲರಿಗೂ ಅರ್ಥವಾಗುವ ಮಾತೊಂದನ್ನು ಅವನ ಕೈಗೆ ಕೊಡಬಹುದು. ಕಿವಿ ಮುಚ್ಚಿಕೊಂಡ ಮುಖದ ಚಿತ್ರವಿರುವ ಒಂದು ರಟ್ಟಿನ ತುಂಡು ಸಾಕು. ಅದನ್ನು ಮೇಜಿನ ಮೇಲೆ ಇಟ್ಟರೆ ಹತ್ತು ನಿಮಿಷ ಸದ್ದು ಕಡಿಮೆಯಿರುವೆಡೆಗೆ ಹೋಗಿ ಬರಬಹುದೆಂದು ಅವನಿಗೆ ಕಲಿಸಬೇಕು. ಕಲಿಸುವುದಕ್ಕಿಂತ ಕಷ್ಟವಾದುದು ಅದರ ಮುಂದಿನ ಹೆಜ್ಜೆ. ಬಾಲಕನು ರಟ್ಟನ್ನು ತೋರಿಸಿದಾಗಲೂ ‘ಸುಮ್ಮನೆ ಕುಳಿತುಕೊ’ ಎಂಬ ಉತ್ತರವೇ ಬಂದರೆ, ರಟ್ಟಿನಿಂದ ಪ್ರಯೋಜನವಿಲ್ಲವೆಂಬ ಪಾಠವನ್ನು ಅವನು ಒಂದೇ ದಿನದಲ್ಲಿ ಕಲಿತುಬಿಡುತ್ತಾನೆ. ಮತ್ತೆ ಬೆಂಚಿನ ಕೆಳಗೇ ಸೇರುತ್ತಾನೆ. ಮೊದಮೊದಲು ಅವನು ಅದನ್ನು ಹತ್ತಾರು ಸಲ ತೋರಿಸಿದರೆ ಆಶ್ಚರ್ಯವಿಲ್ಲ. ಹೊಸದಾಗಿ ಮಾತು ಕಲಿತ ಕೂಸು ಕಲಿತ ಪದವನ್ನೇ ದಿನವಿಡೀ ಹೇಳುವುದಿಲ್ಲವೇ?

ಮಾತು ಯಾವ ನುಡಿಯದಾಗಿರಬೇಕು ಎಂಬುದೂ ಸಣ್ಣ ಸಂಗತಿಯಲ್ಲ. ಹಾಲಾಡಿಯ ಮನೆಗಳಲ್ಲಿ ಕೇಳುವುದು ಕುಂದಗನ್ನಡ. ತಾಯಿಯ ಬಾಯಿಂದ ‘ಬ್ಯಾಡ’, ‘ಸಾಕ್’ ಎಂಬುದನ್ನು ಕೇಳಿ ಬೆಳೆದ ಮಗುವಿಗೆ ಪುಸ್ತಕದ ‘ಬೇಡ’ ಎಂಬುದೇ ಹೊಸ ಪದವಾಗಬಹುದು. ಇಂಗ್ಲಿಷಿನ ಪದವಂತೂ ಇನ್ನೂ ದೂರ. ಮನೆಮಂದಿಯೆಲ್ಲರೂ ಆಡುವ ಪದವನ್ನು ಕಲಿಸಿದರೆ ಮಾತ್ರ ಅವನ ಬೇಡಿಕೆ ಅಜ್ಜಿಗೂ ತಲುಪೀತು. ಸ್ವಲೀನತೆಯುಳ್ಳ ಅನೇಕ ಮಕ್ಕಳು ಕೇಳಿದ ಮಾತನ್ನು ಹಾಗೆಯೇ ಮರುನುಡಿಯುತ್ತಾರೆ. ‘ನೀರ್ ಬೇಕಾ?’ ಎಂದು ಮಗು ಕೇಳಿದರೆ ಅದು ಪ್ರಶ್ನೆಯಾಗಿರಲಿಕ್ಕಿಲ್ಲ. ಬಾಯಾರಿಕೆಯಾದಾಗ ತಾಯಿ ಆಡುತ್ತಿದ್ದ ಮಾತನ್ನು ಅದು ತನ್ನ ಬೇಡಿಕೆಯನ್ನಾಗಿ ಮಾಡಿಕೊಂಡಿರುತ್ತದೆ. ಗಿಳಿಪಾಠವೆಂದು ಹಳಿಯದೆ ನೀರು ಕೊಡುವುದೇ ಸರಿ.

ಹೇಳಿದಂತೆ ಕೇಳುವ ಮಗುವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಎಲ್ಲದಕ್ಕೂ ತಲೆಬಾಗುವುದನ್ನಷ್ಟೇ ಕಲಿತ ಮಗು ಕೇಡು ಬಗೆಯುವವರಿಗೂ ತಲೆಬಾಗುತ್ತದೆ. ನೋವಾದರೂ ಹೇಳದೆ ಉಳಿಯುತ್ತದೆ. ಆದುದರಿಂದ ಇಂತಹ ಮಗುವಿಗೆ ‘ಬೇಡ’ ಎನ್ನಲು ಕಲಿಸುವುದು ಅದರ ರಕ್ಷಣೆಯ ವಿಷಯವೇ ಆಗಿದೆ. ಹಾಗೆಂದು ಪ್ರತಿಯೊಂದು ‘ಬೇಡ’ವನ್ನೂ ಒಪ್ಪಲಾಗದು. ಚುಚ್ಚುಮದ್ದನ್ನು ತಪ್ಪಿಸುವಂತಿಲ್ಲ, ಆದರೆ ಯಾವ ತೋಳಿಗೆ, ಯಾರ ಪಕ್ಕದಲ್ಲಿ ಕುಳಿತು ಎಂಬುದನ್ನು ಮಗುವೇ ಆರಿಸಬಹುದು.

ಕರಾವಳಿಯ ಬಯಲಾಟವು ಇದಕ್ಕೆ ಒಳ್ಳೆಯ ನಿದರ್ಶನ. ಬಡಗುತಿಟ್ಟಿನ ಚೆಂಡೆಯ ಪೆಟ್ಟು ಊರಿಗೆಲ್ಲ ಉತ್ಸಾಹ ತಂದರೆ, ಆ ಬಾಲಕನ ಕಿವಿಗೆ ಸುತ್ತಿಗೆಯ ಪೆಟ್ಟಿನಂತೆ ತಾಗಬಹುದು. ಮನೆಯವರು ಅವನನ್ನು ರಂಗಸ್ಥಳದ ಮುಂದೆಯೇ ಕೂರಿಸಿದರೆ ಅವನು ಚೀರುತ್ತಾನೆ. ‘ಇವನಿಗೆ ಆಟ ಆಗುವುದಿಲ್ಲ’ ಎಂದು ಮನೆಯಲ್ಲಿಯೇ ಬಿಟ್ಟು ಹೋದರೆ, ಭಾಗವತರ ಪದಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುವ ಅವನಿಗೆ ಅನ್ಯಾಯವಾಗುತ್ತದೆ. ಎಲ್ಲಿ ಕುಳಿತರೆ ಆದೀತೆಂದು ಅವನನ್ನೇ ಕೇಳಿದರೆ, ಗದ್ದೆಯ ಆಚೆಯ ಅಂಚನ್ನು ಬೆರಳಿನಿಂದ ತೋರಿಸಿಯಾನು. ಅಲ್ಲಿಂದ ವೇಷಗಳು ಚಿಕ್ಕದಾಗಿ ಕಾಣುತ್ತವೆ, ನಿಜ. ಆದರೆ ಆಟವು ಅವನ ಪಾಲಿಗೆ ಉಳಿಯುತ್ತದೆ.

ಮಾತಾಡದ ಮಕ್ಕಳ ಮನಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆಗೆ ಕರ್ನಾಟಕದೊಡನೆ ನಂಟುಳ್ಳ ಉದಾಹರಣೆಯೊಂದಿದೆ. 1989ರಲ್ಲಿ ಹುಟ್ಟಿದ ಟಿಟೊ ರಾಜರ್ಷಿ ಮುಖೋಪಾಧ್ಯಾಯರು ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದರು. ತಾಯಿ ಸೋಮಾ ಅವರು ಅಕ್ಷರದ ಹಲಗೆಯನ್ನು ಹಿಡಿದು, ಅಕ್ಷರಗಳನ್ನು ತೋರಿಸುವುದನ್ನು ಮಗನಿಗೆ ಕಲಿಸಿದರು. 2000ರಲ್ಲಿ ಅವರ ಬರಹಗಳು ಇಂಗ್ಲೆಂಡಿನಲ್ಲಿ ಪುಸ್ತಕವಾಗಿ ಪ್ರಕಟವಾದುವು. ತಾಯಿಯ ಈ ವಿಧಾನವನ್ನು ಅನುಸರಿಸಬಾರದೆಂದು ಅಮೆರಿಕದ ವಾಕ್‌ಶ್ರವಣ ತಜ್ಞರ ಸಂಘವು 2018ರಲ್ಲಿ ತಿಳಿಸಿತು. ಹಲಗೆಯನ್ನು ಮತ್ತೊಬ್ಬರು ಹಿಡಿದಿರುವಾಗ ಮೂಡಿದ ಮಾತು ಯಾರದೆಂಬ ಸಂದೇಹವೇ ಅದಕ್ಕೆ ಕಾರಣ. ನೆರವಾಗುವ ಕೈಯು ಮಾತಾಡುವ ಬಾಯಿಯಾಗದಂತೆ ಎಚ್ಚರ ವಹಿಸಬೇಕಾದುದು ಹಲಗೆಗೆ ಮಾತ್ರ ಸಂಬಂಧಿಸಿದ್ದಲ್ಲ. ‘ಅವನಿಗೆ ಹೀಗೆಯೇ ಇಷ್ಟ’ ಎಂದು ಮಗನ ಎದುರಿಗೇ ಬೇರೆಯವರಿಗೆ ಉತ್ತರ ಹೇಳುವ ಹಿರಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಸ್ವಲೀನತೆಯುಳ್ಳವರು ತಾವಾಗಿಯೇ ಮುಂದೆ ಬಂದು ಮಾತಾಡಿದ ಪ್ರಸಂಗಗಳೂ ಉಂಟು. ಅವರಲ್ಲೊಬ್ಬರಾದ ಜಿಮ್ ಸಿಂಕ್ಲೇರ್ 1993ರಲ್ಲಿ ಕೆನಡಾದ ಟೊರೊಂಟೊ ನಗರದ ಸಮ್ಮೇಳನದಲ್ಲಿ, ತಮ್ಮಂತಹವರಿಗಾಗಿ ಶೋಕಿಸಬೇಡಿರೆಂದು ತಂದೆತಾಯಿಗಳಿಗೆ ತಿಳಿಸಿದರು. ಭಾರತದಲ್ಲಿ 1995ರ ಅಂಗವಿಕಲರ ಕಾಯಿದೆಯಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 2016ರ ಕಾಯಿದೆಯು ಅದನ್ನು 21 ಬಗೆಯ ವೈಕಲ್ಯಗಳಲ್ಲಿ ಒಂದೆಂದು ಎಣಿಸಿತು. ವೈಕಲ್ಯವು ಶೇಕಡ 40ಕ್ಕೆ ಕಡಿಮೆಯಿಲ್ಲದ, 6ರಿಂದ 18 ವರ್ಷದೊಳಗಿನ ಮಗುವಿಗೆ ನೆರೆಯ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕನ್ನು ಅದು ಕೊಟ್ಟಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವವರ ಸಹಾಯ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವೂ ಅದರಲ್ಲಿ ಹೇಳಲ್ಪಟ್ಟಿವೆ.

ವಿನಾಯಿತಿ ಇದೆಯೆಂದು ಕೇಳಿದೊಡನೆ ಮನೆಯವರೂ ಶಾಲೆಯವರೂ ಕೂಡಿ ಅರ್ಜಿ ಬರೆದುಬಿಡುವುದು ಸುಲಭ. ಹಾಲಾಡಿಯ ಆ ಬಾಲಕನು ಮೂರನೆಯ ಭಾಷೆಯಾಗಿ ಕಲಿಯುತ್ತಿರುವ ಹಿಂದಿಯನ್ನು ಬಿಡಲು ಇಚ್ಛಿಸದೆಯೂ ಇರಬಹುದು. ಆ ಅಕ್ಷರಗಳ ನೆತ್ತಿಯ ಮೇಲಿನ ನೇರವಾದ ಗೆರೆ ಅವನಿಗೆ ಬಲು ಪ್ರಿಯವಾಗಿರಬಹುದು. ಅರ್ಜಿಗೆ ಮುಂಚೆ ಅವನನ್ನು ಕೇಳಬೇಕು. ಉತ್ತರ ಬರುವವರೆಗೆ ಕಾಯಬೇಕು. ಅದಕ್ಕೆ ಒಂದು ನಿಮಿಷ ಹಿಡಿಯಬಹುದು. ಮರುದಿನ ಬೆಳಗ್ಗೆ ಪುಸ್ತಕದ ಚೀಲದಿಂದ ಹಿಂದಿಯ ಪುಸ್ತಕವನ್ನು ತೆಗೆದು ಮೇಜಿನ ಮೇಲೆ ಇಡುವವರೆಗೂ ಆಗಬಹುದು.