ತಾಮ್ರದ ಕೊಳವೆಗೆ ತೂತು ಬೀಳುವುದೇಕೆ?

ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬು ಏರುತ್ತದೆ, ಆದುದರಿಂದ ಕಲಾಯಿ ಹಾಕಿಸಬೇಕು ಎಂಬುದು ನಮ್ಮ ತಾಯಂದಿರೆಲ್ಲರೂ ಬಲ್ಲ ಪಾಠ. ಲೋಹ ಸವೆಯುವ ಈ ಗುಣ ನೀರಿನ ಕೊಳವೆಗೂ ಉಂಟು.

ಮುಂಬಯಿಗೆ 1860ರಲ್ಲಿ ವಿಹಾರ್ ಕೆರೆಯಿಂದಲೂ 1892ರಲ್ಲಿ ತಾನ್ಸಾದಿಂದಲೂ ನೀರು ಬಂದಿತು. ತಾನ್ಸಾದ ದೊಡ್ಡ ಕೊಳವೆಗಳು ನಮ್ಮ ಘಾಟ್ಕೋಪರಿನ ಮೂಲಕವೇ ಹಾದುಹೋಗುತ್ತವೆ. ಚಾಳುಗಳ ಹಳೆಯ ಕೊಳವೆಗಳು ಹೆಚ್ಚಾಗಿ ಸತು ಲೇಪಿಸಿದ ಕಬ್ಬಿಣದವು. ತಾಮ್ರವನ್ನು ನಾವು ಕಾಣುವುದು ಗೀಸರಿನಲ್ಲಿ.

ನೀರಿನಲ್ಲಿ ತಾಮ್ರವು ತನ್ನ ಮೈಮೇಲೆ ತೆಳ್ಳನೆಯ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ಈ ಪೊರೆಯೇ ಅದರ ಕವಚ. ಬೆಸುಗೆಗೆ ಹಚ್ಚಿದ ಮದ್ದು ಒಳಗೇ ಉಳಿದರೆ, ಮರಳು ಒಂದೆಡೆ ಕುಳಿತರೆ, ನೀರು ಹುಳಿಗುಣದ್ದಾದರೆ ಕವಚ ಹರಿಯುತ್ತದೆ. ಆಗ ಸವೆತವೆಲ್ಲ ಒಂದೇ ಚುಕ್ಕೆಯಲ್ಲಿ ಆಳಕ್ಕಿಳಿದು, ಉಳಿದ ಕೊಳವೆ ಗಟ್ಟಿಯಾಗಿರುವಾಗಲೇ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ನೀರಿನ ರಭಸ ಅತಿಯಾದರೂ ತಿರುವುಗಳಲ್ಲಿ ಪೊರೆ ತೊಳೆದುಹೋಗುತ್ತದೆ.

ತಾಮ್ರಕ್ಕೆ ಸತು ಲೇಪದ ಕಬ್ಬಿಣವನ್ನು ನೇರವಾಗಿ ಜೋಡಿಸಿದರೆ ನೀರಿನೊಳಗೆ ಅವೆರಡೂ ಬ್ಯಾಟರಿಯ ಸೆಲ್ಲಿನಂತೆ ವರ್ತಿಸುತ್ತವೆ. ಸತುವೂ ಕಬ್ಬಿಣವೂ ಸವೆಯುತ್ತವೆ, ತಾಮ್ರ ಉಳಿಯುತ್ತದೆ. ನೀರು ಮೊದಲು ತಾಮ್ರವನ್ನು ಹಾದು ಆಮೇಲೆ ಕಬ್ಬಿಣಕ್ಕೆ ಬಂದರೆ ಕೇಡು ಇನ್ನೂ ಹೆಚ್ಚು. ಕರಗಿ ಬಂದ ತಾಮ್ರವು ಸತುವಿನ ಮೇಲೆ ಕುಳಿತು ಅಲ್ಲಲ್ಲಿ ಅಂಥದೇ ಸಣ್ಣ ಸೆಲ್ಲುಗಳನ್ನು ಹುಟ್ಟಿಸುತ್ತದೆ.

ತೂತಿನಿಂದ ನೀರು ಪೋಲಾಗುವುದಷ್ಟೇ ನಷ್ಟವಲ್ಲ. ನಮ್ಮ ಚಾಳುಗಳಿಗೆ ನೀರು ಬರುವುದು ದಿನಕ್ಕೆ ಕೆಲವೇ ಗಂಟೆ. ನೀರು ನಿಂತೊಡನೆ ಕೊಳವೆಯ ಒತ್ತಡ ಇಳಿಯುತ್ತದೆ. ಗಟಾರದಲ್ಲಿ ಹಾದ ಕೊಳವೆ ಯಾವ ಲೋಹದ್ದೇ ಆಗಲಿ, ಅದರ ತೂತಿನಿಂದ ಕೊಳೆನೀರು ಒಳಸೇರುತ್ತದೆ. ಕಾಮಾಲೆ, ಟೈಫಾಯಿಡ್ ಬರುವ ದಾರಿಗಳಲ್ಲಿ ಇದೂ ಒಂದು. ದಿನಗೂಲಿಯವನಿಗೆ ಒಂದು ಕಾಮಾಲೆಯೆಂದರೆ ವಾರಗಟ್ಟಲೆ ಸಂಬಳ ಹೋದಂತೆ.

ಓದುಗ ಬಂಧುಗಳು ಇಷ್ಟನ್ನು ನೆನಪಿಡಬೇಕು:

1. ಬಚ್ಚಲಲ್ಲಿ, ನಲ್ಲಿಯ ಕೆಳಗೆ ಹಸಿರು-ನೀಲಿ ಕಲೆ ಕಂಡರೆ ತಾಮ್ರ ಕರಗುತ್ತಿದೆಯೆಂದು ತಿಳಿಯಬೇಕು.

2. ಗೀಸರಿನಿಂದ ಮುಂದಕ್ಕೆ ಸತು ಲೇಪದ ಕೊಳವೆ ಜೋಡಿಸಬಾರದು. ಪ್ಲಂಬರನಿಗೆ ಮೊದಲೇ ಹೇಳಬೇಕು.

3. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 2 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀರಿದರೆ ಹೊಟ್ಟೆನೋವು, ವಾಂತಿ ಆದೀತು. ರಾತ್ರಿಯಿಡೀ ತಾಮ್ರದಲ್ಲಿ ನಿಂತ ನೀರನ್ನು ಕುಡಿಯದೆ ಬಟ್ಟೆ ಒಗೆಯಲು ಬಳಸಬೇಕು.

4. ನೀರು ಕದಡಿದ್ದರೆ ಅಥವಾ ವಾಸನೆ ಬಂದರೆ ಚೆನ್ನಾಗಿ ಕುದಿಸಿಯೇ ಕುಡಿಯಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ತಾಮ್ರ ಹೋಗುವುದಿಲ್ಲ.

5. ಗಟಾರದಲ್ಲಿ ಹಾದ ಕೊಳವೆಯನ್ನು ಮೇಲೆತ್ತಿ ಗೋಡೆಗೆ ಕಟ್ಟಿಸುವಂತೆ ಚಾಳಿನವರೆಲ್ಲ ಸೇರಿ ಅರ್ಜಿ ಕೊಡಬೇಕು. ಒಬ್ಬನ ಮಾತಿಗಿಂತ ನಲವತ್ತು ಸಹಿಗಳಿಗೆ ತೂಕ ಹೆಚ್ಚು.