ಅಂಗಡಿ ಹಾಕುವ ಮುನ್ನ ಉದ್ರಿಯ ಲೆಕ್ಕ

ಚಿತ್ರದುರ್ಗದ ಭರಮಸಾಗರದಂಥ ಹೋಬಳಿ ಊರಿನಲ್ಲಿ ಯಾರಾದರೂ ಸ್ವಂತ ವ್ಯಾಪಾರಕ್ಕೆ ಇಳಿಯುತ್ತೇನೆ ಎಂದರೆ ಮೊದಲು ಕೇಳುವುದು ಎರಡೇ ಪ್ರಶ್ನೆ: ಬಂಡವಾಳ ಎಷ್ಟಿದೆ, ಧೈರ್ಯ ಇದೆಯಾ. ಬಂಡವಾಳಕ್ಕೆ ಇವತ್ತು ದಾರಿಗಳುಂಟು. ಧೈರ್ಯವನ್ನು ಮಾತ್ರ ನಾವು ಬೇಕಾದ್ದಕ್ಕಿಂತ ಹೆಚ್ಚು ಹೊಗಳುತ್ತೇವೆ ಎಂದು ನನಗೆ ಬಲವಾಗಿ ಅನಿಸುತ್ತದೆ. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಸಾಧಿಸುವ ಹಂಬಲ ಬೆಳೆಸುವ ತರಬೇತಿ ಕೊಡಿಸಿ, ಆಮೇಲೆ ಅವರು ಏನು ಮಾಡಿದರೆಂದು ನೋಡಿದರು. ಅವರ ಅಧ್ಯಯನದಲ್ಲಿ ರಿಂಗ್ ಎಸೆಯುವ ಆಟಕ್ಕೆ ದೊಡ್ಡ ಸ್ಥಾನ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ರಿಂಗು. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ಎಸೆಯುವವನಿಗೇ ಬಿಟ್ಟದ್ದು. ಕೆಲವರು ಗೂಟದ ಬುಡದಲ್ಲೇ ನಿಂತು ಹಾಕುತ್ತಾರೆ, ಕೆಲವರು ಕೋಣೆಯ ಆ ತುದಿಯಿಂದ ಬೀಸುತ್ತಾರೆ. ಸಾಧಿಸುವ ಹಂಬಲ ಇರುವವರು ಹೆಚ್ಚಾಗಿ ನಡುವೆ ನಿಲ್ಲುತ್ತಾರೆ, ಬೀಳದಿದ್ದರೆ ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಎಸೆಯುತ್ತಾರೆ. ದೂರದಿಂದ ಬೀಸುವವನನ್ನು ನಾವು ಧೈರ್ಯವಂತ ಎನ್ನುತ್ತೇವೆ. ಅವನು ನಂಬಿದ್ದು ಅದೃಷ್ಟವನ್ನು.

ಹೀಗೆ ಅಳೆದು ನಡುವೆ ನಿಲ್ಲುವ ಗುಣ ಹುಟ್ಟಿನಿಂದ ಬರಬೇಕು, ವ್ಯಾಪಾರ ಕೆಲವರ ಮನೆತನಕ್ಕಷ್ಟೇ ಒಗ್ಗುತ್ತದೆ ಎನ್ನುವವರಿದ್ದಾರೆ. ಕಾಕಿನಾಡದ ಫಲ ಅದಕ್ಕೆ ವಿರುದ್ಧವಾಗಿದೆ: ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಹೂಡಿಕೆ ಮಾಡಿದರು, ಹೆಚ್ಚು ಜನಕ್ಕೆ ಕೆಲಸ ಕೊಟ್ಟರು. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ನಿಂತಿರುವುದೂ ಇದೇ ನಂಬಿಕೆಯ ಮೇಲೆ. ಅದರ ಶಾಖೆ ಚಿತ್ರದುರ್ಗದಲ್ಲೇ ಇದೆ, ತರಬೇತಿ ಉಚಿತ.

ಆದರೆ ನಮ್ಮ ಸೀಮೆಯ ನಿಜವಾದ ಪರೀಕ್ಷೆ ಉದ್ರಿ. ಮೆಕ್ಕೆಜೋಳ ಬಿತ್ತುವುದು ಮುಂಗಾರಿಗೆ, ಕೈಗೆ ದುಡ್ಡು ಬರುವುದು ದೀಪಾವಳಿಯ ಆಸುಪಾಸಿಗೆ. ಗೊಬ್ಬರದ ಅಂಗಡಿಯಿಂದ ಕಿರಾಣಿಯವರೆಗೆ ನಡುವಿನ ತಿಂಗಳೆಲ್ಲ ನಡೆಯುವುದು ಬರೆಸಿಕೊಂಡು ಒಯ್ಯುವ ಗಿರಾಕಿಯಿಂದ. ಲೆಕ್ಕಕ್ಕೆ ಹಿಡಿಯೋಣ, ತಿಂಗಳಿಗೆ 1 ಲಕ್ಷದ ವ್ಯಾಪಾರ, ನೂರಕ್ಕೆ 10 ಉಳಿತಾಯ. 10 ಸಾವಿರದ ಒಂದು ಉದ್ರಿ ಮುಳುಗಿದರೆ ಅದನ್ನು ತುಂಬಲು ಇನ್ನೊಂದು ಪೂರ್ತಿ ಲಕ್ಷದ ಸಾಮಾನು ಮಾರಬೇಕು. ಉದ್ರಿ ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನಲ್ಲ ಎಂಬುದು ನಿಜ, ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೊಡಲೇಬೇಕು. ಹಾಗಾಗಿಯೇ ಯಾರಿಗೆ ಎಷ್ಟರವರೆಗೆ ಎಂದು ಮೊದಲೇ ಗೆರೆ ಎಳೆಯಲು, ಆ ಗೆರೆ ದಾಟಿದಾಗ ಸ್ವಂತ ಮಾವನಿಗೂ “ಹಳೇದು ಚುಕ್ತಾ ಮಾಡಿ” ಎನ್ನಲು ಬಾಯಿ ಬರಬೇಕು. ದಾಕ್ಷಿಣ್ಯ ಒಳ್ಳೆಯ ಗುಣವೇ. ಅಂಗಡಿಯ ಗಲ್ಲಾದ ಮುಂದೆ ಅದು ಹೆಂಡತಿ ಮಕ್ಕಳ ಅನ್ನವನ್ನು ಕೇಳುತ್ತದೆ.

ಹೀಗೆ ಮುಳುಗಿದ ಉದ್ರಿಯ ನಷ್ಟ ತಾಳಿಕೊಳ್ಳುವ ಶಕ್ತಿ ಬೇಕೆಂದರೆ ಬಡವರು ವ್ಯಾಪಾರಕ್ಕೇ ಇಳಿಯಬಾರದೇ? ಇದು ಗಟ್ಟಿಯಾದ ಆಕ್ಷೇಪ, ಸಬ್ಸಿಡಿ ಯೋಜನೆಗಳು ಹುಟ್ಟಿರುವುದೇ ಇದಕ್ಕಾಗಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಗಾಡಿನ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ. 25, ಮಹಿಳೆಯರು ಮತ್ತು ಪರಿಶಿಷ್ಟರೂ ಸೇರಿದ ವಿಶೇಷ ವರ್ಗಕ್ಕೆ ಶೇ. 35 ಸಹಾಯಧನ ಉಂಟು. ಆದರೆ ಆ ಹಣ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಠೇವಣಿಯಾಗಿ 3 ವರ್ಷ ಕೂತು, ಉದ್ಯಮ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿ ನಂಬಿ ಮನೆಖರ್ಚು ತೂಗಿಸಲು ಹೋದವರು ಕಂತಿಗೆ ಕೈಸಾಲ ಎತ್ತುವ ಸ್ಥಿತಿಗೆ ಬೀಳುತ್ತಾರೆ. ಬಡವರಿಗೆ ನಾನು ಹೇಳುವುದು ಇಳಿಯಬೇಡಿ ಎಂದಲ್ಲ, ಗೂಟಕ್ಕೆ ಇನ್ನಷ್ಟು ಹತ್ತಿರ ನಿಲ್ಲಿ ಎಂದು. ಅರ್ಜಿ ತುಂಬುವ ಮೊದಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಅಂಗಡಿಯಿಂದ ಒಂದು ಪೈಸೆ ಮುಟ್ಟದೆ ಮನೆ ಹೇಗೆ ನಡೆಯುತ್ತದೆಂದು ತಿಂಗಳವಾರು ಬರೆಯಿರಿ. ಲೆಕ್ಕ ಕೂಡದಿದ್ದರೆ ಒಂದು ಸುಗ್ಗಿ ತಡೆಯಿರಿ; ಅದೇ ವ್ಯಾಪಾರದ ಇನ್ನೊಬ್ಬರ ಅಂಗಡಿಯಲ್ಲಿ ಕೆಲಸಕ್ಕೆ ನಿಂತು, ಸಂಜೆ ವಸೂಲಿಗೆ ಹೋಗುವ ಕೆಲಸವನ್ನೇ ಕೇಳಿ ಪಡೆಯಿರಿ.